ಸುಣ್ಣದ ಗುಡ್ಡ, ನಾಲ್ಕು ಒತ್ತು

ಹೋದ ವಾರ ಸೊಲ್ಲಾಪುರ ರಸ್ತೆಯ ಗ್ಯಾರೇಜೊಂದರಲ್ಲಿ ನನ್ನ ಹಳೆಯ ಸ್ಕೂಟರನ್ನು ಬಿಚ್ಚಿ ಹಾಕಿದ್ದರು. ಮಿಸ್ತ್ರಿ ತಗಡಿನ ತಟ್ಟೆಯಲ್ಲಿ ಸೀಮೆಎಣ್ಣೆ ಸುರಿದುಕೊಂಡು ಬಿಡಿಭಾಗಗಳನ್ನು ಬ್ರಷ್ಷಿನಿಂದ ತಿಕ್ಕುತ್ತಿದ್ದ. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನಾನು ಐವತ್ತು ವರ್ಷ ಹಿಂದಕ್ಕೆ ಹೋದೆ. ಗಾಂಧಿ ಚೌಕದ ಹಿಂದಿನ ಓಣಿಯ ಛಾಪಖಾನೆಯಲ್ಲಿ ದಿನಾ ಸಂಜೆ ನಾನೂ ಹೀಗೆಯೇ ಮಸಿ ಮೆತ್ತಿದ ಸೀಸದ ಅಕ್ಷರಗಳನ್ನು ಸೀಮೆಎಣ್ಣೆಯಲ್ಲಿ ತೊಳೆಯುತ್ತಿದ್ದೆ. ಆ ವಾಸನೆಯ ಬೆನ್ನಿಗೇ ಮಾಸ್ತರರು ಬಂದು ನಿಂತರು. ಬಂದರೆ ಕೂಡಲೇ ಹೋಗುವ ಗಿರಾಕಿಯಲ್ಲ ಅವರು. ಬದುಕಿದ್ದಾಗಲೂ ಹಾಗೇ ಇದ್ದರು...

ನಾನಾಗ ಮೊಳೆ ಜೋಡಿಸುವವ. ಈಗಿನವರಿಗೆ ಅದನ್ನು ಹೇಳಿದರೆ ನಗುತ್ತಾರೆ. ಒಂದೊಂದು ಅಕ್ಷರಕ್ಕೆ ಒಂದೊಂದು ಸೀಸದ ಮೊಳೆ, ಅಕ್ಷರದ ಕೆಳಗೆ ಬರುವ ಒತ್ತಿಗೆ ಬೇರೆಯದೇ ಮೊಳೆ. ನೂರಾರು ಮನೆಗಳ ಮರದ ಪೆಟ್ಟಿಗೆಯಿಂದ ಅವನ್ನು ಆರಿಸಿ, ತಲೆಕೆಳಗಾಗಿ ಸಾಲು ಕಟ್ಟಬೇಕು. ಆ ಕೆಲಸದಲ್ಲಿ ಕಣ್ಣಿಗೆ ಅಕ್ಷರ ಕಾಣುತ್ತದೆ, ಮಾತು ಕಾಣುವುದಿಲ್ಲ. ಇದನ್ನು ನನ್ನ ಸಮರ್ಥನೆಗೆ ಹೇಳುತ್ತಿಲ್ಲ, ಇದ್ದದ್ದನ್ನು ಹೇಳುತ್ತಿದ್ದೇನೆ.

ಮಾಸ್ತರರು ಊರಿನ ಒಂದು ಹೈಸ್ಕೂಲಿನಲ್ಲಿ ಭೂಗೋಳ ಕಲಿಸುತ್ತಿದ್ದರು. ತಿಕೋಟಾದಲ್ಲಿ ಗಾರೆ ಕೆಲಸ ಮಾಡುತ್ತಿದ್ದ ಗೌಂಡಿಯ ಮಗ. ಮನೆಯಲ್ಲಿ ಉರ್ದು ಮಾತಾಡಿದರೂ ಅವರು ಬರೆಯುತ್ತಿದ್ದ ಕನ್ನಡ ನಮ್ಮ ಮಾಲಕರನ್ನೇ ನಾಚಿಸುವಂತಿತ್ತು. ಮೊದಲ ಸಲ ಬಂದಾಗ ಅವರ ಕಂಕುಳಲ್ಲಿ ಬಟ್ಟೆಯಲ್ಲಿ ಸುತ್ತಿದ ಹಸ್ತಪ್ರತಿ ಇತ್ತು. ದೂರದ ಪರದೇಶವೊಂದರಲ್ಲಿ ಸರೋವರದ ದಂಡೆಯಿಂದಲೇ ನೆಟ್ಟಗೆ ಎದ್ದು ನಿಂತ ಸುಣ್ಣಕಲ್ಲಿನ ಪರ್ವತ ಒಂದು, ಅದನ್ನು ಯಾರ್ಯಾರು ಯಾವ ಯಾವ ಕಡೆಯಿಂದ ಹತ್ತಿದರು ಎಂಬ ಇತಿಹಾಸ. ಮಾಲಕರು ಎರಡು ಪುಟ ತಿರುವಿ, ಇದನ್ನು ವಿಜಾಪುರದಲ್ಲಿ ಯಾರು ಓದುತ್ತಾರೆ ಎಂದು ಕೇಳಿದರು. ಯಾರೂ ಓದುವುದಿಲ್ಲ ಎಂದು ಮಾಸ್ತರರು ಒಪ್ಪಿಕೊಂಡರು. ಅಷ್ಟು ಪ್ರಾಮಾಣಿಕ ಲೇಖಕರನ್ನು ನಾನು ಆಮೇಲೆ ಕಂಡಿಲ್ಲ.

ಆ ಪರ್ವತದ ಹೆಸರು ನಮ್ಮ ನಾಲಿಗೆಗೆ ಹೊರಳುತ್ತಿರಲಿಲ್ಲ. ಹಾಗಾಗಿ ಪುಸ್ತಕದ ತುಂಬ ಅದು ‘ಸುಣ್ಣದ ಗುಡ್ಡ’ ಆಯಿತು. ಎಲೆಗೆ ಹಚ್ಚಿಕೊಳ್ಳಲು ಅಷ್ಟು ಸುಣ್ಣ ಯಾರಿಗೆ ಬೇಕು ಎಂದು ನಾನು ಕಿಚಾಯಿಸಿದೆ. ಮಾಸ್ತರರು ನಗಲಿಲ್ಲ. “ನಮ್ಮಪ್ಪ ಜೀವನಾ ಇಡೀ ಬುಟ್ಟಿಲೆ ಹೊತ್ತ ಸುಣ್ಣ, ತಮ್ಮಾ, ಅಲ್ಲಿ ಗುಡ್ಡ ಆಗಿ ನಿಂತೈತಿ,” ಎಂದರು.

ಇದೆಲ್ಲ ಹೇಗೆ ಗಂಟುಬಿತ್ತು ಎಂಬುದನ್ನು ಅವರು ಕಂತು ಕಂತಾಗಿ ಹೇಳಿದರು. ಹಿಂದೊಮ್ಮೆ ಶಾಲೆಯ ಲೈಬ್ರರಿಯ ಹಳೆಯ ವಿದೇಶಿ ಮಾಸಪತ್ರಿಕೆಯಲ್ಲಿ ಆ ಗುಡ್ಡದ ಚಿತ್ರ ಕಂಡಿದ್ದರು. ಕೆಳಗೆ ಕಪ್ಪು ನೀರು, ಮೇಲೆ ಬಿಳಿಯ ಗೋಡೆ. ಉಪಲಿ ಬುರುಜು ಮತ್ತು ಗೋಲಗುಮ್ಮಟದ ಮೆಟ್ಟಿಲು ಬಿಟ್ಟರೆ ಬೇರೇನನ್ನೂ ಹತ್ತದ ಮನುಷ್ಯ, ಆ ಚಿತ್ರಕ್ಕೆ ಮರುಳಾಗಿ, ಆ ಸರೋವರದ ಊರಿನ ‘ಭೂಗೋಳ ಶಿಕ್ಷಕರಿಗೆ’ ಎಂದಷ್ಟೇ ವಿಳಾಸ ಬರೆದು ಒಂದು ಕಾಗದ ಹಾಕಿದರು. ಎರಡು ತಿಂಗಳ ಮೇಲೆ ಉತ್ತರ ಬಂತು. ಅಲ್ಲಿಯೂ ಒಬ್ಬ ವಯಸ್ಸಾದ ಮಾಸ್ತರ, ಅವರೂ ಭೂಗೋಳದವರೇ. ಇಬ್ಬರದೂ ಅರೆಬರೆ ಇಂಗ್ಲಿಷು. ಹದಿನಾಲ್ಕು ವರ್ಷ ಕಾಗದ ನಡೆದವು. ಆ ಮುದುಕರು ಕಳಿಸಿದ ವಿವರಗಳೇ ಈ ಪುಸ್ತಕ.

ಮೊಳೆ ಜೋಡಿಸುತ್ತ ಜೋಡಿಸುತ್ತ ನನಗೂ ಅದರ ಕಥೆ ಅಷ್ಟಿಷ್ಟು ಅಂಟಿಕೊಂಡಿತು. ಆ ಗುಡ್ಡವನ್ನು ಮೊದಲು ಹತ್ತಿದವರು ಸೌದೆ ಕಡಿಯುವವರು, ಮೇಕೆ ಕಾಯುವವರು, ಬುಡದಲ್ಲಿ ಸುಣ್ಣ ಸುಡುತ್ತಿದ್ದವರು. ಅವರು ಯಾರೂ ಬರೆದಿಡಲಿಲ್ಲವಾದ್ದರಿಂದ ಲೆಕ್ಕಕ್ಕೆ ಬರಲಿಲ್ಲ. ಆಮೇಲೆ ಭೂಮಿ ಅಳೆಯುವ ಅಧಿಕಾರಿ ಆಳುಗಳ ಹೆಗಲ ಮೇಲೆ ಯಂತ್ರ ಹೊರಿಸಿಕೊಂಡು ಹೋದ. ಮೊದಲಿಗ ಎಂದು ಅವನ ಹೆಸರು ದಾಖಲಾಯಿತು. ಉದ್ದ ಲಂಗದ ಹೆಂಗಸೊಬ್ಬಳು ಹತ್ತಿ ಬಂದಾಗ ಊರಿನವರು ನಂಬಲಿಲ್ಲವಂತೆ. ನೀರಿನಿಂದ ನೇರ ಏಳುವ ಪಡುವಣ ಗೋಡೆಯನ್ನು ಇಬ್ಬರು ಅಣ್ಣತಮ್ಮಂದಿರು ಮೂರು ಸಲ ಸೋತು ನಾಲ್ಕನೆಯ ಸಲಕ್ಕೆ ಗೆದ್ದರು. ಮುಂದೆ ಕಬ್ಬಿಣದ ಗೂಟ ಬಡಿದು ದಾರಿ ಮಾಡಿದರು, ನೆತ್ತಿಯ ಮೇಲೆ ಒಂದು ಗುಡಿಸಲು ಕಟ್ಟಿದರು. ಬಿದ್ದು ಸತ್ತವರಿಗಾಗಿ ಬುಡದಲ್ಲಿ, ಸರೋವರದ ದಂಡೆಗೆ ಹೆಸರುಗಲ್ಲು ನಿಲ್ಲಿಸುವ ರೂಢಿ ಶುರುವಾಯಿತು.

ಹಗ್ಗ ಹಿಡಿದು ಹತ್ತುವ ಮಾತುಗಳಿಗೆ ಕನ್ನಡ ಎಲ್ಲಿಂದ ತರುವುದು? ನಮ್ಮದು ಬಯಲು ಸೀಮೆ. ಇಲ್ಲಿ ಯಾರೂ ಮೇಲೆ ಹತ್ತುವುದಿಲ್ಲ, ಬಾವಿಗೆ ಇಳಿಯುತ್ತಾರೆ. ಮಾಸ್ತರರು ಭಾನುವಾರಗಳಲ್ಲಿ ಬಸ್ಸು ಹಿಡಿದು ಸಾರವಾಡಕ್ಕೆ ಹೋಗಿ, ಬಾವಿ ತೋಡುವವರ ಜೊತೆ ಕಟ್ಟೆಯ ಮೇಲೆ ಕುಳಿತು, ಹಗ್ಗದ ಗಂಟಿಗೆ ಏನೆನ್ನುತ್ತಾರೆ, ಕಾಲಿಡುವ ಸಂದಿಗೆ ಏನೆನ್ನುತ್ತಾರೆ ಎಂದು ಕೇಳಿ ಬರೆದುಕೊಂಡು ಬರುತ್ತಿದ್ದರು. ಇಳಿಯುವವರ ಮಾತು ತಂದು ಹತ್ತುವವರಿಗೆ ತೊಡಿಸಿದರು. ಬಾವಿಯವರು ಇವರಿಗೆ ತಲೆ ಸರಿಯಿಲ್ಲ ಎಂದುಕೊಂಡಿದ್ದರಂತೆ. ಹಾಗೆಂದು ಮಾಸ್ತರರೇ ಹೇಳಿ ನಕ್ಕರು.

ಆದರೆ ಪುಸ್ತಕ ಹುಟ್ಟಿದ್ದು ಈ ಹುಚ್ಚಿನಿಂದ ಅಲ್ಲ, ಒಂದು ಮಾತಿನಿಂದ. ಆ ಮುದುಕರಿಗೆ ಒಬ್ಬನೇ ಮಗ. ಹತ್ತೊಂಬತ್ತನೇ ವಯಸ್ಸಿಗೆ ಒಬ್ಬಂಟಿಯಾಗಿ ಪಡುವಣ ಗೋಡೆ ಹತ್ತಿದ್ದ. ಹತ್ತಿ ಇಳಿಯುತ್ತಿದ್ದಾಗ ಬಿದ್ದು ಹೋದ. ಅವನು ನೆತ್ತಿಯ ಮೇಲೆ ನಿಂತು ಅಂಗಿ ಬಿಚ್ಚಿ ಬೀಸಿದ್ದನ್ನು ಮೇಕೆ ಕಾಯುವವನೊಬ್ಬ ನೋಡಿದ್ದ. ಹತ್ತಿದವರ ಪಟ್ಟಿ ಇಡುವ ಅಲ್ಲಿನ ಸಂಘದವರು ಮೇಕೆ ಕಾಯುವವನ ಮಾತು ಸಾಕ್ಷಿಯಲ್ಲ ಎಂದುಬಿಟ್ಟರು. ಪಟ್ಟಿಯಲ್ಲಿ ಹುಡುಗನ ಹೆಸರಿಲ್ಲ. ಬುಡದ ಹೆಸರುಗಲ್ಲಿನ ಮೇಲೂ ಹೆಸರು, ಹುಟ್ಟಿದ ವರ್ಷ, ಸತ್ತ ವರ್ಷ, ಅಷ್ಟೇ. ‘ನನ್ನ ಮಗ ತಲುಪಿದ್ದ ಎಂದು ಎಲ್ಲಾದರೂ ಒಂದು ಕಡೆ ಅಚ್ಚಾಗಿರಲಿ, ನಾನು ಓದಲಾರದ ಭಾಷೆಯಾದರೂ ಸರಿ’ ಎಂದು ಮುದುಕರು ಬರೆದಿದ್ದರು. ಮಾಸ್ತರರು ಮಾತು ಕೊಟ್ಟಿದ್ದರು. ಇದನ್ನು ಅವರು ನನಗೆ ಹೇಳಿದಾಗ ನಾನು ಒಂದು ಕಿವಿಯಲ್ಲಿ ಕೇಳುತ್ತ ಕೈಯಲ್ಲಿ ಯಾರದೋ ಲಗ್ನಪತ್ರಿಕೆ ಜೋಡಿಸುತ್ತಿದ್ದೆ. ನನಗೆ ತಲೆಯಲ್ಲಿ ಉಳಿದದ್ದು ಇಷ್ಟೇ: ಹುಡುಗನ ಹೆಸರು ಪುಸ್ತಕದಲ್ಲಿ ಬರಬೇಕು.

ಕೆಲಸ ಶುರುವಾದ ನಾಲ್ಕೇ ದಿನಕ್ಕೆ ತಕಾರದ ಒತ್ತು ಮುಗಿಯಿತು. ಬೇರೆ ಪುಸ್ತಕಗಳಿಗೆ ಸಾಕಾಗುತ್ತಿದ್ದ ಒತ್ತು ಈ ಪುಸ್ತಕಕ್ಕೆ ಸಾಲಲೇ ಇಲ್ಲ. ಸಾಲದೇನು ಮಾಡೀತು? ಗುಡ್ಡದ ಪುಸ್ತಕ ಎಂದರೆ ಹತ್ತಿದರು, ಎತ್ತರ, ನೆತ್ತಿ, ಸುತ್ತ, ಕತ್ತಲು, ಕೊನೆಗೆ ಸತ್ತರು. ಎಲ್ಲದರ ಕೆಳಗೂ ಅದೇ ಒತ್ತು. ಎಂಟು ಪುಟ ಒಟ್ಟಿಗೆ ಕಟ್ಟಿ ಅಚ್ಚಾಗುವ ತನಕ ಮೊಳೆ ಬಿಚ್ಚುವ ಹಾಗಿಲ್ಲ. ನಾನು ಮಾಸ್ತರರ ಮುಂದೆ ಕಷ್ಟ ತೋಡಿಕೊಂಡೆ. ಅವರು ಹೊಟ್ಟೆ ಹಿಡಿದುಕೊಂಡು ನಕ್ಕರು. ಅಂದಿನಿಂದ ಇಬ್ಬರೂ ಕೂತು ಒತ್ತು ಉಳಿಸತೊಡಗಿದೆವು. ಹತ್ತಿದರು ಇದ್ದಲ್ಲಿ ಏರಿದರು, ಸತ್ತರು ಇದ್ದಲ್ಲಿ ತೀರಿಕೊಂಡರು, ನೆತ್ತಿ ಇದ್ದಲ್ಲಿ ತುದಿ. ಅದೊಂದು ಆಟವೇ ಆಯಿತು. ದಿನಾ ಬರಲಾಗದಾಗ ಒಮ್ಮೆ ಹೇಳಿದರು, “ಅರ್ಥ ಕೆಡಲಾರದಂಗ ನೀನ ನೋಡಿ ಹಾಕು, ತಮ್ಮಾ.” ಆ ಒಂದು ಮಾತು ಅವರು ಆಡಬಾರದಿತ್ತು, ಅಥವಾ ನನ್ನಂಥವನ ಮುಂದೆ ಆಡಬಾರದಿತ್ತು.

ಹುಡುಗನ ಪುಟ ಬಂದದ್ದು ಏಪ್ರಿಲ್‌ನಲ್ಲಿ. ಆ ಪುಟದ ಕೊನೆಯ ಸಾಲನ್ನು ಮಾಸ್ತರರು ಹೀಗೆ ಬರೆದಿದ್ದರು: ‘ಆತ ನೆತ್ತಿ ಹತ್ತಿ ಇಳಿಯುತ್ತಿದ್ದಾಗ ಬಿದ್ದು ಸತ್ತ.’ ಒಂದೇ ಸಾಲಿನಲ್ಲಿ ನಾಲ್ಕು ಒತ್ತು! ಒತ್ತು ಇಲ್ಲದಲ್ಲೆಲ್ಲ ನಾವು ಬೇರೆ ಮೊಳೆಯನ್ನು ಬುಡಮೇಲು ಮಾಡಿ ಸಿಕ್ಕಿಸುತ್ತಿದ್ದೆವು, ಪ್ರೂಫಿನಲ್ಲಿ ಅಲ್ಲಿ ಕಪ್ಪು ಕಲೆ ಬೀಳುತ್ತಿತ್ತು. ಆ ಸಾಲಿನಲ್ಲೂ ನಾಲ್ಕು ಕಲೆ. ಮಾಸ್ತರರು ಪ್ರೂಫ್ ಓದಿ, ಒತ್ತು ಹಾಕಿ ಅಚ್ಚು ಮಾಡಬಹುದು ಎಂದು ಸಹಿ ಹಾಕಿ, ಪರೀಕ್ಷೆಯ ಕೆಲಸಕ್ಕೆಂದು ಒಂದು ವಾರ ಬಬಲೇಶ್ವರಕ್ಕೆ ಹೋದರು.

ಆ ವಾರ ಲಗ್ನದ ಸುಗ್ಗಿ. ಮಷಿನ್ನು ಖಾಲಿ ಮಾಡು ಎಂದು ಮಾಲಕರು ತಲೆಯ ಮೇಲೆ ಕುಳಿತಿದ್ದರು. ಪಕ್ಕದ ಛಾಪಖಾನೆಯವರನ್ನು ಒತ್ತು ಕೇಳಿದೆ, ಕೊಡಲಿಲ್ಲ. ಎಂಟು ಪುಟಗಳ ಕಲೆಗಳನ್ನೆಲ್ಲ ಹೇಗೋ ತುಂಬಿಸಿದ ಮೇಲೆ ಉಳಿದದ್ದು ಆ ಸಾಲಿನ ನಾಲ್ಕು. ಸಾಲನ್ನೇ ಬಿಚ್ಚಿ ಹೊಸದಾಗಿ ಜೋಡಿಸಿದೆ: ‘ಆತ ಗುಡ್ಡ ಏರುವಾಗ ಬಿದ್ದು ತೀರಿಕೊಂಡ.’ ಒಂದೂ ತಕಾರದ ಒತ್ತಿಲ್ಲ. ನನ್ನ ಜಾಣತನಕ್ಕೆ ನಾನೇ ಬೆನ್ನು ಚಪ್ಪರಿಸಿಕೊಂಡೆ. ಮೇಲಿನ ಸಾಲಿನ ಹುಡುಗನ ಹೆಸರನ್ನಂತೂ ಮೂರು ಸಲ ತಾಳೆ ನೋಡಿದೆ. ಪರದೇಶದ ಹೆಸರು, ತಪ್ಪಬಾರದು ಎಂದು.

‘ಏರಿ ಇಳಿಯುವಾಗ’ ಎಂದು ಹಾಕಬಹುದಿತ್ತು. ಅದಕ್ಕೂ ಒತ್ತು ಬೇಕಿರಲಿಲ್ಲ. ಸಾಲಿನಲ್ಲಿ ಜಾಗವೂ ಇತ್ತು. ಹೊಳೆಯಲಿಲ್ಲ, ಅಷ್ಟೇ. ಬಯಲಿನವನಿಗೆ ಬಿದ್ದದ್ದು ಬಿದ್ದ ಹಾಗೆ. ಏರುವಾಗ ಬಿದ್ದರೇನು, ಇಳಿಯುವಾಗ ಬಿದ್ದರೇನು, ಸಾವು ಒಂದೇ ಅಲ್ಲವೆ? ಈ ಐವತ್ತು ವರ್ಷಗಳಲ್ಲಿ ಆ ಎರಡು ಶಬ್ದಗಳನ್ನು ನಾನು ಎಷ್ಟು ಸಲ ಮನಸ್ಸಿನಲ್ಲೇ ಜೋಡಿಸಿದ್ದೇನೋ...

ಮಳೆಗಾಲದ ಹೊತ್ತಿಗೆ ಪುಸ್ತಕ ಬಂತು. ಮಾಸ್ತರರು ಮಗುವನ್ನು ಎತ್ತಿಕೊಂಡ ಹಾಗೆ ಮೊದಲ ಪ್ರತಿಯನ್ನು ಎತ್ತಿಕೊಂಡರು. ಆಗಲೇ ಅವರ ಕಣ್ಣಿಗೆ ಪೊರೆ ಬಂದಿತ್ತು. ದಪ್ಪ ಅಕ್ಷರ ಬಿಟ್ಟರೆ ಉಳಿದದ್ದು ಕಷ್ಟ. ಒಂದು ಪ್ರತಿಯನ್ನು ಮುದುಕರಿಗೆ ಕಳಿಸಬೇಕು, ಆ ಪುಟದ ಕೊನೆಯ ಸಾಲಿಗೆ ಕೆಂಪು ಮಸಿಯಲ್ಲಿ ಗೆರೆ ಎಳೆದುಕೊಡು, ಅವರಿಗೆ ಯಾವುದು ಎಂದು ತಿಳಿಯಬೇಕು ಎಂದರು. ನಾನು ಗೆರೆ ಎಳೆಯುವಾಗ ಆ ಸಾಲನ್ನು ಮೊದಲ ಸಲ ಓದುಗನ ಹಾಗೆ ಓದಿದೆ. ಏನೋ ತಪ್ಪಾಗಿದೆ ಎಂದು ಹೊಳೆಯಿತು. ಮಾಸ್ತರರು ಕಾಗದ ಬರೆಯುತ್ತಿದ್ದರು, ಈ ಗೆರೆ ಎಳೆದ ಸಾಲಿನಲ್ಲಿ ನಿಮ್ಮ ಮಗ ತುದಿ ಮುಟ್ಟಿದ್ದಾನೆ ಎಂದು. ಆಗಲೇ ಬಾಯಿ ಬಿಡಬೇಕಿತ್ತು. ಅಲ್ಲಿ ಕನ್ನಡ ಓದುವವರು ಯಾರಿದ್ದಾರೆ ಎಂದುಕೊಂಡು ಸುಮ್ಮನಾದೆ. ನಾನು ಮಾಡಿದ ತಪ್ಪು ಅದು. ಮೊದಲಿನದು ಬರೀ ದಡ್ಡತನ.

ಆರೇಳು ತಿಂಗಳು ಕಳೆದಿರಬೇಕು. ಒಂದು ಮಧ್ಯಾಹ್ನ ಮಾಸ್ತರರು ಹುಡುಗರ ಹಾಗೆ ಓಡಿಬಂದರು. ಕೈಯಲ್ಲಿ ಒಂದು ಲಕೋಟೆ, ಇನ್ನೊಂದು ಕೈಯಲ್ಲಿ ಭೂತಗನ್ನಡಿ. ಮುದುಕರು ಫೋಟೋ ಕಳಿಸಿದ್ದರು. ಸಂಘದವರು ಹೆಸರುಗಲ್ಲಿನ ಮೇಲೆ ‘ಹತ್ತಿದ್ದ’ ಎಂದು ಬರೆಸಲು ಬಿಡುವುದಿಲ್ಲವಲ್ಲ, ಮುದುಕರು ಒಂದು ಉಪಾಯ ಹೂಡಿದ್ದರು. ಕೆಂಪು ಗೆರೆಯ ಆ ಸಾಲನ್ನು ಕಲ್ಲುಕುಟಿಗನ ಮುಂದಿಟ್ಟು, ಅಕ್ಷರಕ್ಕೆ ಅಕ್ಷರ ಹಾಗೆಯೇ ಮಗನ ಹೆಸರಿನ ಕೆಳಗೆ ಕೆತ್ತಿಸಿದ್ದರು. ಯಾರಿಗೂ ಓದಲು ಬರುವುದಿಲ್ಲ, ಆದ್ದರಿಂದ ಯಾರೂ ಅಳಿಸುವಂತಿಲ್ಲ. ನನ್ನ ಮಗನ ಸತ್ಯ ನಿಮ್ಮ ಅಕ್ಷರದಲ್ಲಿ ಭದ್ರವಾಗಿದೆ, ದಿನಾ ಸಂಜೆ ಅದರ ಮುಂದೆ ಹೋಗಿ ಕೂರುತ್ತೇನೆ ಎಂದು ಬರೆದಿದ್ದರು.

ನಾನು ಬಗ್ಗಿ ನೋಡಿದೆ. ಫೋಟೋದಲ್ಲಿ ಬಿಳಿಯ ಗೋಡೆ, ಅದರ ಬುಡದಲ್ಲಿ ಒಂದು ಬಿಳಿಯ ಕಲ್ಲು, ಕಲ್ಲಿನ ಮೇಲೆ ಕನ್ನಡ. ನಮ್ಮ ಪೆಟ್ಟಿಗೆಯ ಅಕ್ಷರಗಳೇ. ನಮ್ಮ ‘ಡ’ ಮೊಳೆಯ ತುದಿ ಮುರಿದಿತ್ತು. ಕಲ್ಲುಕುಟಿಗ ಪಾಪ, ಅದು ಅಕ್ಷರದ ರೂಪವೇ ಇರಬೇಕೆಂದು ಮುರಿದ ತುದಿಯನ್ನೂ ತಪ್ಪದೆ ಕೆತ್ತಿದ್ದ. ಮಾಸ್ತರರು ಬಾಗಿಲ ಬೆಳಕಿಗೆ ಹೋಗಿ, ಭೂತಗನ್ನಡಿ ಹಿಡಿದು, ನನಗೆ ಕೇಳಿಸಲೆಂದು ಗಟ್ಟಿಯಾಗಿ ಓದತೊಡಗಿದರು. ‘ಆತ ಗುಡ್ಡ...’ ಎಂದು ಶುರುಮಾಡಿ ನಿಂತರು. ಮತ್ತೆ ಮೊದಲಿನಿಂದ ಓದಿದರು, ಈ ಸಲ ಮನಸ್ಸಿನಲ್ಲೇ.

“ತಮ್ಮಾ, ಇದು ನಾ ಬರದದ್ದಲ್ಲ,” ಎಂದರು.

“ತ-ಒತ್ತು ಕಡಿಮಿ ಬಿದ್ದುವ್ರಿ, ಮಾಸ್ತರ.”

“ಎಷ್ಟು?”

“ನಾಕು.”

ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಅವರು ಬೈಯಲಿಲ್ಲ. ಫೋಟೋವನ್ನು ಲಕೋಟೆಗೆ ಹಾಕಿ, ಲಕೋಟೆಯನ್ನು ಕೋಟಿನ ಒಳಜೇಬಿಗೆ ಹಾಕಿ, ಭೂತಗನ್ನಡಿಯನ್ನು ನಮ್ಮ ಮೇಜಿನ ಮೇಲೇ ಮರೆತು ಹೊರಟುಹೋದರು. ಮಾತು ಆಡಿದರೆ ಹೋಯಿತು, ಮುತ್ತು ಒಡೆದರೆ ಹೋಯಿತು ಅನ್ನುತ್ತಾರೆ. ಕಲ್ಲಿನಲ್ಲಿ ಕೆತ್ತಿದ್ದು ಹೋಗುವುದೂ ಇಲ್ಲ.

ಮರುದಿನದಿಂದ ಅವರು ಛಾಪಖಾನೆಯ ಕಟ್ಟೆಯ ಮೇಲೆ ಕುಳಿತು, ಉಳಿದಿದ್ದ ಪ್ರತಿಗಳನ್ನೆಲ್ಲ ಒಂದೊಂದಾಗಿ ತೆರೆದು, ಆ ಸಾಲನ್ನು ಹೊಡೆದುಹಾಕಿ, ಮೇಲೆ ಕೈಯಿಂದ ಸರಿಯಾದದ್ದನ್ನು ಬರೆದರು. ಕಣ್ಣು ಕಾಣದೆ ಅಕ್ಷರ ಸೊಟ್ಟಗಾಗುತ್ತಿದ್ದವು. ನಾನು ಬರೆದುಕೊಡುತ್ತೇನೆ ಎಂದೆ. ಬೇಡ ಎಂದರು. ಎಂಟು ದಿನ ಬೇಕಾಯಿತು. ಮುದುಕರಿಗೆ ಬರೆಯುತ್ತೀರಾ ಎಂದು ಕೊನೆಯ ದಿನ ಧೈರ್ಯ ಮಾಡಿ ಕೇಳಿದೆ. ಪೆನ್ನಿನ ಟೊಪ್ಪಿಗೆ ಹಾಕುತ್ತ, “ದಿನಾ ಆ ಕಲ್ಲಿನ ಮುಂದ ಹೋಗಿ ಕುಂದರ್ತಾನಂತ. ಅದು ಸುಳ್ಳಂತ ನಾ ಹ್ಯಾಂಗ ಬರೀಲಿ?” ಎಂದರು. ಸುಳ್ಳೇ ಸರಿಯೆಂದು ಬರೆಯಲೂ ಅವರಿಂದ ಆಗಲಿಲ್ಲ. ಹೀಗಾಗಿ ಏನನ್ನೂ ಬರೆಯಲಿಲ್ಲ. ಮುದುಕರಿಂದ ಇನ್ನೂ ಮೂರು ಕಾಗದ ಬಂದವು, ಯಾಕೆ ಸುಮ್ಮನಾದಿರಿ, ಆರೋಗ್ಯ ತಾನೆ ಎಂದು. ಆಮೇಲೆ ಅವೂ ನಿಂತವು. ಹದಿನಾಲ್ಕು ವರ್ಷದ ಗೆಳೆತನವನ್ನು ನಾನು ನಾಲ್ಕು ಮೊಳೆಗೆ ಮುಗಿಸಿದ್ದೆ.

ನಿವೃತ್ತಿಯ ನಂತರ ಮಾಸ್ತರರು ತಿಕೋಟಾದಲ್ಲಿದ್ದ ಮಗಳ ಮನೆಗೆ ಹೋದರು. ಎಪ್ಪತ್ತರ ದಶಕ ಮುಗಿಯುತ್ತ ಬಂದಿತ್ತು. ಅವರಿಗೆ ಕಣ್ಣು ಪೂರ್ತಿ ಹೋಗಿದೆ, ನೆನಪೂ ಹಿಂದುಮುಂದಾಗುತ್ತಿದೆ ಎಂದು ಯಾರೋ ಹೇಳಿದರು. ಕ್ಷಮೆ ಕೇಳುವುದಿದ್ದರೆ ಈಗಲೇ ಎಂದು ಒಂದು ಬೆಳಿಗ್ಗೆ ಬಸ್ಸು ಹತ್ತಿದೆ.

ಮಾಸ್ತರರು ಪಡಸಾಲೆಯಲ್ಲಿ ಗೋಡೆಗೆ ಒರಗಿ ಕುಳಿತಿದ್ದರು. ನನ್ನ ದನಿಯಿಂದ ಗುರುತು ಹತ್ತಿತೋ ಇಲ್ಲವೋ, ಬಾ ತಮ್ಮಾ ಎಂದರು. ಅವರು ಎಲ್ಲರನ್ನೂ ತಮ್ಮಾ ಎನ್ನುತ್ತಿದ್ದರು. ಮಗಳು ಚಹಾ ಕೊಟ್ಟು, ಬಂದವರಿಗೆಲ್ಲ ಅಪ್ಪ ಗುಡ್ಡದ ಕಥೆ ಹೇಳುತ್ತಾರೆ, ನಿಮಗೂ ತಪ್ಪಿದ್ದಲ್ಲ ಎಂದು ನಕ್ಕಳು. ದಿನಾ ತಾನು ಪುಸ್ತಕ ಓದಿ ಹೇಳುತ್ತೇನೆ, ಅವರಿಗೆ ಬಾಯಿಪಾಠವಾಗಿದೆ ಎಂದಳು. ಹಾಗೆಯೇ ಶುರುವಾಯಿತು. ಸೌದೆ ಕಡಿಯುವವರು, ಅಳೆಯುವ ಅಧಿಕಾರಿ, ಲಂಗದ ಹೆಂಗಸು, ಅಣ್ಣತಮ್ಮಂದಿರು, ಒಂದೂ ಬಿಡಲಿಲ್ಲ. ಕಡೆಗೆ ಹುಡುಗನ ಹೆಸರು ಹೇಳಿ, ಪಾಠ ಒಪ್ಪಿಸುವವರ ಹಾಗೆ, ‘ಆತ ಗುಡ್ಡ ಏರುವಾಗ ಬಿದ್ದು ತೀರಿಕೊಂಡ’ ಎಂದರು.

ಪಕ್ಕದ ಗೋಡೆಯ ಮಾಡದಲ್ಲಿದ್ದ ಪುಸ್ತಕ ತೆರೆದು ನೋಡಿದೆ. ಅಚ್ಚಾದ ಮೊದಲ ದಿನವೇ ಮಗಳಿಗೆ ಕೊಟ್ಟಿದ್ದ ಪ್ರತಿ ಅದು. ತಿದ್ದಿರಲಿಲ್ಲ.

“ಇಲ್ರಿ ಮಾಸ್ತರ,” ಎಂದೆ. ನನ್ನ ದನಿ ನನಗೇ ಕೇಳಿಸಲಿಲ್ಲ, ಇನ್ನೊಮ್ಮೆ ಹೇಳಿದೆ. “ಇಲ್ರಿ. ಅಂವ ಹತ್ತಿದ್ದ. ತುದಿ ಮುಟ್ಟಿ ಇಳಿಯುವಾಗ ಬಿದ್ದ.”

ಮಾಸ್ತರರು ದನಿ ಬಂದ ಕಡೆ ಮುಖ ತಿರುಗಿಸಿದರು. ತರಗತಿಯಲ್ಲಿ ತಪ್ಪು ಉತ್ತರ ಹೇಳಿದ ಹುಡುಗನ ಮೇಲೆ ಸಿಟ್ಟಾಗದೆ ಕೇಳುವ ಹಾಗೆ ಕೇಳಿದರು.

“ಯಾರ್ ಹೇಳಿದ್ರು? ಪುಸ್ತಕದಾಗ ಹಂಗಿಲ್ಲ.”

ನಾನು ಕ್ಷಮೆ ಕೇಳಲಿಲ್ಲ. ಯಾವ ತಪ್ಪಿಗೆ ಎಂದು ಅವರು ಕೇಳಿದ್ದರೆ ಏನು ಹೇಳುವುದು? ಚಹಾ ಮುಗಿಸಿ ಮಧ್ಯಾಹ್ನದ ಬಸ್ಸಿಗೆ ವಾಪಸು ಬಂದೆ.

ಮಾಸ್ತರರು ಹೋಗಿ ಎಷ್ಟೋ ವರ್ಷಗಳಾದವು. ಆ ಮುದುಕರೂ ಎಂದೋ ಹೋಗಿರಬೇಕು. ಛಾಪಖಾನೆ ಮುಚ್ಚಿತು, ಮೊಳೆಗಳೆಲ್ಲ ಕರಗಿ ಬೇರೆ ಏನೋ ಆದವು. ಅವರು ಕೈಯಿಂದ ತಿದ್ದಿದ ಪ್ರತಿಗಳಲ್ಲಿ ಒಂದಾದರೂ ಸಿಗಲಿ ಎಂದು ಊರಿನ ರದ್ದಿ ಅಂಗಡಿಗಳನ್ನೆಲ್ಲ ಹುಡುಕಿದ್ದೇನೆ. ಸಿಕ್ಕಿಲ್ಲ. ಹುಡುಗ ತುದಿ ಮುಟ್ಟಿದ್ದನ್ನು ನೋಡಿದವನು ಮೇಕೆ ಕಾಯುವವ, ನಂಬಿದವರು ಇಬ್ಬರು ಮಾಸ್ತರರು, ಈಗ ಗೊತ್ತಿರುವವನು ನಾನೊಬ್ಬ. ನನ್ನ ಮಾತೂ ಸಾಕ್ಷಿಯಲ್ಲ.

ಅಂದು ಅಲ್ಲಿ ಕನ್ನಡ ಓದುವವರು ಯಾರೂ ಇರಲಿಲ್ಲ. ಇಂದು ನಮ್ಮವರು ಪ್ರವಾಸ ಅಂತ ಎಲ್ಲಿಗೆ ಹೋಗುವುದಿಲ್ಲ ಹೇಳಿ. ಯಾರಾದರೂ ಆ ಸರೋವರದ ದಂಡೆಗೂ ಹೋದಾರು. ಕಲ್ಲಿನ ಮೇಲೆ ಕನ್ನಡ ಕಂಡು ಹಿಗ್ಗಿ ನಿಂತಾರು. ಇದರಲ್ಲಿ ಏನು ಬರೆದಿದೆ ಎಂದು ಆ ಊರಿನವರು ಕೇಳುತ್ತಾರೆ. ನಮ್ಮವರು ಓದಿ ಹೇಳುತ್ತಾರೆ.